ಪ್ಲಸ್ ಟು, ಪಿಯುಸಿ, ಇಂಟರ್: ನೋಟೀಸಲ್ಲಿ ಮಕ್ಕಳನ್ನು ಎಂತ ಹೇಳಿ ಬರೆಯುದು?

ಕುಂಬಳೆಯವ:
ಎಲ್ರಿಗೂ ನಮಸ್ಕಾರ. ಊರಿನ ವಾಚನಾಲಯದಿಂದ ವರ್ಷಕ್ಕೊಂದು ಕನ್ನಡ ಪ್ರಬಂಧ ಸ್ಪರ್ಧೆ ಮಾಡ್ತೇವೆ, ನೋಟೀಸು ಬರೆಯುವ ಕೆಲಸ ನಂದು. ಕಳೆದ ಸಲ ಪ್ರಾಥಮಿಕ, ಪ್ರೌಢ, ಪದವಿಪೂರ್ವ, ಪದವೀಧರ ಅಂತ ನಾಲ್ಕು ವಿಭಾಗ ಹಾಕಿದ್ದೆ, ಓದ್ಲಿಕ್ಕೆ ಚಂದ ಉಂಟು, ಆದ್ರೆ ಬಂದವರಿಗೆಲ್ಲ ಗೊಂದಲ. ನಮ್ಮಲ್ಲಿ ಕೇರಳದಲ್ಲಿ ಒಂದರಿಂದ ನಾಲ್ಕು ಎಲ್.ಪಿ. (ಲೋವರ್ ಪ್ರೈಮರಿ), ಐದರಿಂದ ಏಳು ಯು.ಪಿ. (ಅಪ್ಪರ್ ಪ್ರೈಮರಿ), ಎಂಟರಿಂದ ಹತ್ತು ಹೈಸ್ಕೂಲು, ಮತ್ತೆ ಪ್ಲಸ್ ವನ್ ಪ್ಲಸ್ ಟು. ಪ್ರಾಥಮಿಕ ಅಂದ್ರೆ ಎಲ್.ಪಿ. ಮಾತ್ರ ಅಂದುಕೊಂಡು ಯು.ಪಿ. ಮಕ್ಕಳು ತುಂಬಾ ಜನ ಬರ್ಲೇ ಇಲ್ಲ, ಅತ್ತ ಕರ್ನಾಟಕದ ವಿಟ್ಲ ಕಡೆಯಿಂದ ಏಳನೇ ಕ್ಲಾಸಿನವರು ಬಂದು ಪ್ರಾಥಮಿಕಕ್ಕೇ ಕೂತ್ರು, ಅವರ ಲೆಕ್ಕದಲ್ಲಿ ಅದೇ ಸರಿ ಅಲ್ವಾ, ಕಡೆಗೆ ನಮ್ಮ ಮೂರನೇ ಕ್ಲಾಸಿನ ಒಂದು ಮಗು ಅವರೊಟ್ಟಿಗೆ ಬರೆಯಬೇಕಾಯ್ತು, ಅದು ಅರ್ಧದಲ್ಲೇ ಪೇಪರ್ ಕೊಟ್ಟು ಅಮ್ಮನ ಹತ್ರ ಹೋಗಿ ಕೂತ್ಕೊಂಡಿತು. ನನ್ನ ಒಂದು ಶಬ್ದದಿಂದ ಆದದ್ದು ಅಂತ ತುಂಬಾ ಬೇಜಾರಾಯ್ತು. ಪದವೀಧರ ವಿಭಾಗಕ್ಕೆ ಡಿಗ್ರಿ ಮಕ್ಕಳು ಬರ್ಲಿಲ್ಲ, ಡಿಗ್ರಿ ಮುಗಿಸಿ ಕೆಲಸದಲ್ಲಿರುವವರು ಇಬ್ಬರು ಬಂದ್ರು. ಈ ಸಲ ಸರಿ ಮಾಡ್ಬೇಕು. ಗಡಿಯ ಎರಡೂ ಬದಿಗೆ ಅರ್ಥ ಆಗುವ ಹಾಗೆ ಎಂತ ಬರೆಯುದು? ಬೇರೆ ರಾಜ್ಯದ ಗಡಿಯವರು ಎಂತ ಹೇಳ್ತೀರಿ?

ಮಂಜೇಶ್ವರದ ನಿವೃತ್ತ ಟೀಚರ್:
ಪದವೀಧರ ಅಂದ್ರೆ ಪದವಿ ಧರಿಸಿದವ, ಅಂದ್ರೆ ಮುಗಿಸಿದವ. ಹಾಗಾಗಿ ಕೆಲಸದಲ್ಲಿರುವವರು ಬಂದದ್ದು ಅವರ ತಪ್ಪಲ್ಲ. ಓದ್ತಾ ಇರುವವರಿಗೆ ಪದವಿ ವಿದ್ಯಾರ್ಥಿಗಳು ಅಂತ ಬರೀರಿ, ಅಷ್ಟೇ ಸಾಕು. ಸ್ನಾತಕ ಅಂತ ಹಾಕ್ಲಿಕ್ಕೆ ಹೋಗ್ಬೇಡಿ. ಹಿಂದೆ ಗುರುಗಳ ಹತ್ರ ಓದು ಮುಗಿಸಿ ಸ್ನಾನ ಮಾಡಿ ಮನೆಗೆ ಹೊರಟವನೇ ಸ್ನಾತಕ, ಈಗ ಕೆಲವರು ಓದುವವನಿಗೂ ಅದನ್ನೇ ಹೇಳ್ತಾರೆ, ಮಕ್ಕಳಿಗೆ ಯಾವುದು ಅಂತ ಗೊತ್ತಾಗುದಿಲ್ಲ.

ಪದವಿಪೂರ್ವದ ಕತೆ ಬೇರೆ. ನಾನು ಪ್ರೀ ಡಿಗ್ರಿ ಓದಿದ್ದು ಕಾಲೇಜಲ್ಲಿ, ಸೀರೆ ಉಟ್ಟುಕೊಂಡು ಹೋಗ್ತಿದ್ದೆ. 2000ದ ಸುಮಾರಿಗೆ ಅದನ್ನು ಕಾಲೇಜಿಂದ ಪೂರ್ತಿ ತೆಗೆದರು, ನನ್ನ ಮಗಳು ಅದೇ ಎರಡು ವರ್ಷ ಪ್ಲಸ್ ಟು ಅಂತ ಶಾಲೆಯಲ್ಲಿ ಯೂನಿಫಾರ್ಮ್ ಹಾಕಿ ಓದಿದ್ಳು. ಅದೇ ಪ್ರಾಯದ ಅವಳ ಭಾವನ ತಂಗಿ ಮಂಗಳೂರಲ್ಲಿ ಪಿಯುಸಿ, ಅವಳನ್ನು ಎಲ್ರೂ ಕಾಲೇಜು ಹುಡುಗಿ ಅಂತ ಹೇಳುದು, ನನ್ನ ಮಗಳು ಶಾಲೆ ಹುಡುಗಿ. ಮಗಳಿಗೆ ಅದು ದೊಡ್ಡ ಸಂಕಟ ಆಗಿತ್ತು ಆಗ.

ಮೊದಲು ಹೀಗೆ ಇರ್ಲಿಲ್ಲ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು, ಎರಡೂ ಕಡೆ ಮದ್ರಾಸಿನ ಫಾರಂ ಲೆಕ್ಕ. ನನ್ನ ಅಪ್ಪ ಥರ್ಡ್ ಫಾರಂ ಅಂದ್ರೆ ಈಗಿನ ಎಂಟನೇ ಕ್ಲಾಸು, ಪುತ್ತೂರಲ್ಲಿ ಹೇಳಿದ್ರೂ ಅರ್ಥ ಆಗ್ತಿತ್ತು, ಕುಂಬಳೆಯಲ್ಲಿ ಹೇಳಿದ್ರೂ ಆಗ್ತಿತ್ತು.

ಜತ್ತ ತಾಲೂಕಿನಿಂದ:
ನಮ್ ಕಡಿ ಮಹಾರಾಷ್ಟ್ರದಾಗ ಕನ್ನಡ ಸಾಲಿ ಅದಾವ್ರಿ, ಆದ್ರ ಮಾತು ಅರ್ಧ ಮರಾಠಿ. ಕ್ಲಾಸ್ ಅನ್ನಂಗಿಲ್ಲ, ಇಯತ್ತೆ ಅಂತೀವಿ, ನಾಕನೇ ಇಯತ್ತೆ, ಏಳನೇ ಇಯತ್ತೆ ಹಿಂಗ. ಹತ್ತಕ್ಕ ದಹಾವಿ, ಮುಂದ ಅಕರಾವಿ, ಬಾರಾವಿ. ಅದು ಜ್ಯೂನಿಯರ್ ಕಾಲೇಜು, ಹಂಗಾಗಿ ನಮ್ ಹುಡುಗ್ರು ಅಕರಾವಿಗೇ ಕಾಲೇಜ್ ಹುಡುಗ್ರು ಆಗಿಬಿಡ್ತಾರ. ನಮ್ಮ ಆಯಿ ಒಂದನೇದಕ್ಕಿಂತ ಮೊದಲಿನ ಕೂಸುಗಳಿಗೆ ಬಿನ್ನೆತ್ತೆ ಅಂತಿದ್ಳು, ಬಿನ್ ಇಯತ್ತೆ, ಇನ್ನೂ ಇಯತ್ತೆ ಇಲ್ಲದವು ಅಂತ ಅರ್ಥ. ಎಷ್ಟ ಚಂದ ಶಬ್ದ ನೋಡ್ರಿ, ಈಗ ಎಲ್ಲಾರೂ ಎಲ್ಕೇಜಿ ಯುಕೇಜಿ. ನಿಮ್ಮ ನೋಟೀಸಿನ್ಯಾಗ ಪದವಿಪೂರ್ವ ಅಂತ ಇದ್ರ ನಮ್ಮ ಬಾರಾವಿ ಹುಡುಗ ಅದು ತನಗಲ್ಲ ಅಂತ ತಿಳಕೊಂತಾನ.

ರಾಯದುರ್ಗದವನು:
ಇಲ್ಲಿ ಆಂಧ್ರದಲ್ಲಿ ಟೆನ್ತ್ ಆದ್ಮೇಲೆ ಇಂಟರ್. ಇಂಟರ್ ಫಸ್ಟ್ ಇಯರ್, ಸೆಕೆಂಡ್ ಇಯರ್. ಹೆಚ್ಚು ಕಷ್ಟ ಯಾಕೆ, ತರಗತಿ ನಂಬರ್ ಹಾಕಿ ಅಣ್ಣ, ನಂಬರ್ ಎಲ್ಲಾ ರಾಜ್ಯಕ್ಕೂ ಒಂದೇ.

ತಾಳವಾಡಿ:
ನಮ್ಮ ತಮಿಳುನಾಡಲ್ಲೂ ಪ್ಲಸ್ ಒನ್ ಪ್ಲಸ್ ಟು ಅಂತಾನೇ, ಅದು ಶಾಲೇಲೇ ಇರೋದು, ನಿಮ್ ಥರಾನೇ. ನಂಬರ್ ಹಾಕೋದಕ್ಕೆ ನನ್ನದೂ ಓಟು. ಆದ್ರೆ ಇನ್ನೊಂದು ಹೇಳ್ಬೇಕು ಅನ್ನಿಸ್ತು. ಇಲ್ಲಿ ಶಾಲೆ ಬೋರ್ಡಲ್ಲಿ ವಿದ್ಯಾರ್ಥಿಗೆ ಮಾಣವರ್ ಅಂತ ಇರತ್ತೆ, ನಿಮ್ಮ ಕಾಸರಗೋಡಿನ ಹವ್ಯಕರು ಹುಡುಗನಿಗೆ ಮಾಣಿ ಅಂತಾರಲ್ಲ, ಎರಡೂ ಒಂದೇ ಬೇರಿಂದ ಬಂದಿದ್ದು. ಹಳೇ ಕಾಲದಲ್ಲಿ ಮಾಣಿ ಅಂದ್ರೆ ಓದೋಕೆ ಹೋದ ವಟು. ವಿದ್ಯಾರ್ಥಿ ಅನ್ನೋ ಪದದಲ್ಲಿ ಕೇಳೋದು ಇದೆ, ವಿದ್ಯೆಯನ್ನ ಬೇಡೋನು ಅಂತ. ಮಾಣೀಲಿ ಬರೀ ವಯಸ್ಸು ಇದೆ, ಪ್ರೀತಿ ಇದೆ. ನೋಟೀಸಿಗೆ ಬೇಡ, ಬಹುಮಾನ ಕೊಡೋವಾಗ ಭಾಷಣದಲ್ಲಿ ಹೇಳಿ.

ಕುಂಬಳೆಯವ:
ಎಲ್ರಿಗೂ ತುಂಬಾ ಉಪಕಾರ ಆಯ್ತು. ಟೀಚರ್, ನೀವು ಹೇಳಿದ ಮೇಲೆ ಪದವೀಧರ ಹೊಡೆದು ಹಾಕಿದೆ. ಈಗ ಹೀಗೆ ಬರೆದಿದ್ದೇನೆ: 1ರಿಂದ 4ನೇ ತರಗತಿ, 5ರಿಂದ 7, 8ರಿಂದ 10, ಮತ್ತೆ 11 ಮತ್ತು 12ನೇ ತರಗತಿ ಅಂದರೆ ಪ್ಲಸ್ ವನ್, ಪ್ಲಸ್ ಟು, ಪಿಯುಸಿ ಓದುತ್ತಿರುವವರು, ಕೊನೆಗೆ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಈಗ ಓದುತ್ತಿರುವವರು. ಈಗ ಓದುತ್ತಿರುವ ಅನ್ನುದರ ಅಡಿಗೆ ಗೆರೆ ಹಾಕಿದ್ದೇನೆ. ಡಿಗ್ರಿಯವರಿಗೆ ವರ್ಷ ಹಾಕ್ಲಿಲ್ಲ, ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ಫೈನಲ್ ಇಯರ್ ಅಂದ್ರೆ ಮೂರನೆಯದ್ದಾ ನಾಲ್ಕನೆಯದ್ದಾ ಅಂತ ಮತ್ತೊಂದು ಗೊಂದಲ ಬೇಡ. ವಿಟ್ಲ, ಪುತ್ತೂರಿಗೆ ಈ ವಾರ ನೋಟೀಸು ಕಳಿಸ್ತೇನೆ. ಆ ಮಗು ಈಗ ನಾಲ್ಕನೇ ಕ್ಲಾಸು, ಅದರ ಮನೆಗೆ ನಾನೇ ಹೋಗಿ ಕೊಟ್ಟು ಬರ್ತೇನೆ.