ಸಹಾಯ ಬೇಕು: ‘ಸಬ್ಯಾಟಿಕಲ್’ ಅಂತ ಬರೆದರೆ ಸರಿಯಾಗುತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮತ್ತೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅಪ್ಪನನ್ನು ನೋಡಿಕೊಳ್ಳಲು ನೌಕರಿ ಬಿಟ್ಟಿದ್ದಳು. ಆ ಬಿಡುವನ್ನು ಬಯೋಡೇಟಾದಲ್ಲಿ ‘ಆನ್ ಸಬ್ಯಾಟಿಕಲ್’ (ಅಂದರೆ ಕೆಲಸದಿಂದ ಉದ್ದನೆಯ ರಜೆಯಲ್ಲಿದ್ದೆ) ಅಂತ ಹಾಕು ಎಂದು ಯಾರೋ ಹೇಳಿದ್ದಾರೆ. ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ.

ನಾನು ಓದಿ ತಿಳಿದಿದ್ದು ಇಷ್ಟು. ಈ ಪದದ ಬೇರು ಹೀಬ್ರೂ ಭಾಷೆಯ ‘ಶಬ್ಬಾತ್’. ಅಂದರೆ ದುಡಿಮೆ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳುವುದು. ಯಹೂದಿಗಳ ಹಳೇ ನಿಯಮದಲ್ಲಿ ಆರು ವರ್ಷ ಉತ್ತು ಬಿತ್ತಿದ ಹೊಲವನ್ನು ಏಳನೇ ವರ್ಷ ಬೀಳು ಬಿಡಬೇಕಿತ್ತು. ಎಷ್ಟು ಚೆಂದದ ಯೋಚನೆ ಅಲ್ವಾ! ಮುಂದೆ 1880ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಪ್ರೊಫೆಸರ್‌ಗಳಿಗೆ ಇಂಥ ರಜೆ ಶುರು ಮಾಡಿತು. ಓದು, ಸಂಶೋಧನೆ, ಬರವಣಿಗೆಗೆ ಅಂತ ಕೊಡುವ ರಜೆ ಅದು. ಮುಖ್ಯವಾದ ಮಾತು ಅಂದರೆ, ಹುದ್ದೆ ಹಾಗೇ ಇರುತ್ತದೆ. ರಜೆ ಮುಗಿದ ಮೇಲೆ ಅದೇ ಜಾಗಕ್ಕೆ ಬರುತ್ತಾರೆ.

ತಂಗಿಗೆ ವಾಪಸ್ ಹೋಗುವ ಹುದ್ದೆಯೇ ಇರಲಿಲ್ಲ. ಹಾಗಾಗಿ ‘ಕೆರಿಯರ್ ಬ್ರೇಕ್’ ಅನ್ನುವುದೇ ನೇರ ಅಂತ ನನಗನಿಸುತ್ತದೆ. ಆದರೆ ಈಗೀಗ ಯಾವುದೇ ಉದ್ದನೆಯ ಬಿಡುವಿಗೂ ‘ಸಬ್ಯಾಟಿಕಲ್’ ಅನ್ನುವವರು ಜಾಸ್ತಿ.

ಸಂದರ್ಶನ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಈ ಪದ ನೋಡಿದರೆ ‘ಯಾವ ಕಂಪನಿ ಕೊಟ್ಟ ರಜೆ?’ ಅಂತ ಕೇಳುತ್ತೀರಾ? ಮನೆಯವರ ಆರೈಕೆಗೆ ಬಿಡುವು ಪಡೆದಿದ್ದೆ ಅಂತ ನೇರವಾಗಿ ಬರೆದರೆ ತೊಂದರೆಯಾ? ಒಂದು ಒಳ್ಳೆಯ ವಾಕ್ಯ ಬರೆದುಕೊಟ್ಟರೆ ತುಂಬಾ ಉಪಕಾರವಾಗುತ್ತದೆ.