295 ಕಿ.ಮೀ. ಸಾಗಿದರೂ ನ್ಯೂಟ್ರಿನೋ ರೂಪ ಬದಲಾಗದ ಲೆಕ್ಕ: ತಪ್ಪೆಲ್ಲಿ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು):
ಎಲ್ಲರಿಗೂ ನಮಸ್ಕಾರ. ಜಪಾನಿನ ಟೋಕಾಯ್‌ನಿಂದ ಸೂಪರ್ ಕಾಮಿಯೋಕಾಂಡೆ ಶೋಧಕಕ್ಕೆ 295 ಕಿ.ಮೀ. ನೆಲದೊಳಗೆ ಸಾಗುವ ಮ್ಯೂಆನ್ ನ್ಯೂಟ್ರಿನೋಗಳಲ್ಲಿ (ನ್ಯೂಟ್ರಿನೋ ಎಂಬ ಅತಿ ಹಗುರ ಕಣದ ಮೂರು ರೂಪಗಳಲ್ಲಿ ಒಂದು) ಎಷ್ಟು ಪಾಲು ಅದೇ ರೂಪದಲ್ಲಿ ಉಳಿಯುತ್ತದೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಲೆಕ್ಕ ಮಾಡಿ ತೋರಿಸಬೇಕಾಗಿದೆ. ನ್ಯೂಟ್ರಿನೋ ದ್ರವ್ಯರಾಶಿಗಳನ್ನು ವರ್ಗ ಮಾಡಿದಾಗ ಬರುವ ವ್ಯತ್ಯಾಸ 0.0025 (ಎಲೆಕ್ಟ್ರಾನ್ ವೋಲ್ಟ್ ವರ್ಗದಲ್ಲಿ), ಶಕ್ತಿ 0.6 ಜಿಇವಿ (ಶತಕೋಟಿ ಎಲೆಕ್ಟ್ರಾನ್ ವೋಲ್ಟ್), ರೂಪಗಳ ಮಿಶ್ರಣ ಗರಿಷ್ಠ ಎಂದು ಹಿಡಿದಿದ್ದೇನೆ. 1.27ನ್ನು ಆ ವ್ಯತ್ಯಾಸದಿಂದಲೂ ದೂರದಿಂದಲೂ ಗುಣಿಸಿ ಶಕ್ತಿಯಿಂದ ಭಾಗಿಸಿದಾಗ 1.56 ಬಂತು, ಬದಲಾಗುವ ಪಾಲಿಗಾಗಿ ಅದರ ಸೈನ್ ತೆಗೆದು ವರ್ಗ ಮಾಡಿದರೆ ಕ್ಯಾಲ್ಕುಲೇಟರ್ 0.0007 ಎನ್ನುತ್ತದೆ. ಹಾಗಾದರೆ ಏನೂ ಬದಲಾಗುವುದಿಲ್ಲವೇ?

ಉತ್ತರ (ಹೊಸೂರು):
ಮೇಷ್ಟ್ರೇ, 1.56ರ ತನಕ ನಿಮ್ಮ ಲೆಕ್ಕ ಸರಿಯಾಗಿದೆ. ಆ ಸಂಖ್ಯೆ ರೇಡಿಯನ್‌ನಲ್ಲಿದೆ, ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ರೇಡಿಯನ್‌ಗೆ ಬದಲಿಸಿದರೆ 0.9999 ಬರುತ್ತದೆ, ಅಂದರೆ ಬಹುತೇಕ ಎಲ್ಲವೂ ರೂಪ ಬದಲಿಸಿರುತ್ತವೆ. 1.56 ಎಂಬುದು ಪೈನ ಅರ್ಧಕ್ಕೆ ಇಷ್ಟು ಹತ್ತಿರವಿರುವುದು ಆಕಸ್ಮಿಕವಲ್ಲ. ಈ ದೂರಕ್ಕೆ ಮೊದಲ ಗರಿಷ್ಠ ಬದಲಾವಣೆ ಸಿಗುವಂತೆಯೇ ಕಿರಣದ ಶಕ್ತಿಯನ್ನು ಆರಿಸಿದ್ದಾರೆ.

ಪ್ರಶ್ನೆ (ಬದಿಯಡ್ಕ):
ಧನ್ಯವಾದಗಳು, ಈಗ ಸರಿಯಾಯಿತು. ಆದರೆ ಉಳಿಯುವ ಪಾಲು ಸೊನ್ನೆಯೆಂದಾದರೆ ಶೋಧಕದಲ್ಲಿ ಮ್ಯೂಆನ್ ನ್ಯೂಟ್ರಿನೋಗಳು ಇನ್ನೂ ಕಾಣಿಸಿಕೊಳ್ಳುವುದೇಕೆ?

ಉತ್ತರ (ಹೊಸೂರು):
ಕಿರಣದಲ್ಲಿರುವ ಎಲ್ಲ ನ್ಯೂಟ್ರಿನೋಗಳ ಶಕ್ತಿಯೂ 0.6 ಜಿಇವಿ ಅಲ್ಲದಿರುವುದೇ ಮುಖ್ಯ ಕಾರಣ. ಅದೇ ಸೂತ್ರದಲ್ಲಿ 0.4 ಹಾಕಿದರೆ ಸುಮಾರು 0.49 ಪಾಲು, 1 ಹಾಕಿದರೆ 0.35 ಪಾಲು ಉಳಿಯುತ್ತದೆ. ಆದ್ದರಿಂದ ಮೊದಲು ಶಕ್ತಿಗಳ ಸರಾಸರಿ ತೆಗೆದು ಅದನ್ನು ಸೂತ್ರಕ್ಕೆ ಹಾಕಬಾರದು. ಪ್ರತಿ ಶಕ್ತಿಗೂ ಉಳಿಯುವ ಪಾಲನ್ನು ಬೇರೆಬೇರೆಯಾಗಿ ಕಂಡುಹಿಡಿದು, ಆ ಶಕ್ತಿಯಲ್ಲಿ ಎಷ್ಟು ನ್ಯೂಟ್ರಿನೋಗಳಿವೆ ಎಂಬ ತೂಕ ಕೊಟ್ಟು ಕೂಡಿಸಬೇಕು. ಈ ಹರಡುವಿಕೆ ಕಿರಿದಾಗಲೆಂದೇ ಶೋಧಕವು ಕಿರಣದ ನಡುಗೆರೆಯಿಂದ 2.5 ಡಿಗ್ರಿ ಓರೆಯಲ್ಲಿ ಬರುವಂತೆ ಏರ್ಪಾಟು ಮಾಡಿದ್ದಾರೆ: ಈ ನ್ಯೂಟ್ರಿನೋಗಳಿಗೆ ಮೂಲವಾದ ಪಯಾನ್ ಎಂಬ ಕಣ ಕ್ಷಯಿಸಿದಾಗ ಓರೆಯಾಗಿ ಹೊರಡುವ ನ್ಯೂಟ್ರಿನೋದ ಶಕ್ತಿಯು ಪಯಾನ್‌ನ ಶಕ್ತಿಯನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ಅತ್ಯಂತ ಚೆಲುವಾದ ಉಪಾಯ ಇದೇ.

ರೂಪ ಬದಲಾಗುವ ಮೊದಲಿನ ಎಣಿಕೆಯನ್ನು 280 ಮೀಟರ್ ದೂರದ ಸಮೀಪ ಶೋಧಕದ ಅಳತೆಗಳ ನೆರವಿನಿಂದ ಅಂದಾಜಿಸುತ್ತಾರೆ. ಬದಲಾದವುಗಳಲ್ಲಿ ಬಹುಪಾಲು ಟಾವ್ ನ್ಯೂಟ್ರಿನೋಗಳು. ಟಾವ್ ಕಣವನ್ನು ಹುಟ್ಟಿಸಲು ಸುಮಾರು 3.5 ಜಿಇವಿ ಶಕ್ತಿ ಬೇಕಾದ್ದರಿಂದ ಅವು ಇಲ್ಲಿ ಟಾವ್ ಕಣದ ಗುರುತು ಬಿಡಲಾರವು, ಮ್ಯೂಆನ್ ಘಟನೆಗಳ ಕೊರತೆಯಾಗಿಯೇ ತೋರುತ್ತವೆ. ಮಕ್ಕಳಿಗೆ ಇನ್ನೊಂದು ಲೆಕ್ಕ ಬೇಕಿದ್ದರೆ ಅಮೆರಿಕದ ನೋವಾ ಪ್ರಯೋಗದ 810 ಕಿ.ಮೀ., 2 ಜಿಇವಿ ಕೊಡಿ. ಬದಲಾಗುವ ಪಾಲು 0.92 ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದು ತಿಳಿಯಬಹುದು.