ಸ್ಲೀಪಿ ಹಾಲೋದ ಆ ಮನೆ ಮತ್ತು ಇಪ್ಪತ್ತಮೂರು ಹೆಸರುಗಳು

ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಕಡೆಗೆ ಹೊಸದಾಗಿ ಬಂದವರು, ಶಾಲೆಯಲ್ಲಿ ವಸಾಹತು ಕಾಲದ ಪಾಠ ಆರಂಭವಾಗಿರುವ ಮಕ್ಕಳಿಗೆ ಕಣ್ಣಾರೆ ಏನನ್ನಾದರೂ ತೋರಿಸಬಹುದೇ ಎಂದು ಕೇಳಿದ್ದೀರಿ. ಅಲ್ಲಿನ ಸ್ಲೀಪಿ ಹಾಲೋ ಊರಿನ ಫಿಲಿಪ್ಸ್‌ಬರ್ಗ್ ಮ್ಯಾನರ್‌ಗೆ, ಅಂದರೆ ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಜಮೀನ್ದಾರಿ ಮನೆಗೆ, ಕರೆದೊಯ್ಯಿರಿ ಎನ್ನುತ್ತೇನೆ. ಆದರೆ ಅದರ ಇತಿಹಾಸವನ್ನು ಮೊದಲು ನೀವು ತಿಳಿದುಕೊಂಡೇ ಹೋಗಿ.

ಡಚ್ಚರ ಆಳ್ವಿಕೆಯಲ್ಲಿ ಬಡಗಿಯಾಗಿ ಬಂದ ಫ್ರೆಡರಿಕ್ ಫಿಲಿಪ್ಸ್, ಗುಲಾಮರ ಸಾಗಾಟವೂ ಸೇರಿದಂತೆ ಹಲವು ಬಗೆಯ ವ್ಯಾಪಾರದಿಂದ ಸಿರಿವಂತನಾಗಿ, 1693ರಲ್ಲಿ ಇಂಗ್ಲೆಂಡಿನ ರಾಜಸನದು ಪಡೆದು, ಹಡ್ಸನ್ ನದಿಯ ದಂಡೆಯಲ್ಲಿ ಸುಮಾರು 52,000 ಎಕರೆಗೆ ಒಡೆಯನಾದ. ಗೇಣಿ ಒಕ್ಕಲುಗಳು ಬೆಳೆದ ಗೋಧಿ ಪೊಕಾಂಟಿಕೊ ಹೊಳೆಯ ನೀರಿನಿಂದ ತಿರುಗುವ ಗಿರಣಿಗೆ ಬರುತ್ತಿತ್ತು. ಹಿಟ್ಟು ದೋಣಿಯೇರಿ ನ್ಯೂಯಾರ್ಕ್ ನಗರಕ್ಕೆ ಹೋಗುತ್ತಿತ್ತು. ಮ್ಯಾನರ್ ಎಂದೊಡನೆ ಅರಮನೆಯನ್ನು ನಿರೀಕ್ಷಿಸಿದರೆ ನಿರಾಸೆಯಾದೀತು, ಅದು ಕಲ್ಲುಗೋಡೆಯ ಸಾಧಾರಣ ಮನೆ. ಒಡೆಯರು ಹೆಚ್ಚಾಗಿ ನಗರದಲ್ಲೇ ಇರುತ್ತಿದ್ದರು. ಗಿರಣಿ, ಹೈನು, ಅಡುಗೆಮನೆಗಳನ್ನು ನಡೆಸಿದವರು ಆಫ್ರಿಕನ್ ಮೂಲದ ಗುಲಾಮರು.

1750ರಲ್ಲಿ ಫ್ರೆಡರಿಕ್‌ನ ಮಗ ಅಡಾಲ್ಫ್ ತೀರಿಕೊಂಡಾಗ ಬರೆದ ಆಸ್ತಿಯ ಪಟ್ಟಿಯಲ್ಲಿ ದನಕರು, ಪೀಠೋಪಕರಣಗಳೊಂದಿಗೆ ಇಪ್ಪತ್ತಮೂರು ಮನುಷ್ಯರೂ ಇದ್ದಾರೆ: ಸೀಸರ್, ಡೈನಾ, ಮ್ಯಾಸಿ ಮತ್ತಿತರರು, ಪುಟ್ಟ ಮಕ್ಕಳೂ ಸಹ. ಮುತ್ತಜ್ಜನ ಊರನ್ನೇ ಹೆಸರಿನ ಜೊತೆಗೆ ಹೊತ್ತಿರುವ ನನ್ನ ಒಂಬತ್ತು ವರ್ಷದ ಮಗಳು, "ಅಪ್ಪಾ, ಇವರಿಗೆ ಮನೆಹೆಸರು ಯಾಕಿಲ್ಲ?" ಎಂದು ಕೇಳಿದಳು. ದನಗಳ ಲೆಕ್ಕ ಬರೆದವನೇ ಇವರ ಲೆಕ್ಕವನ್ನೂ ಬರೆದದ್ದು, ಕೂಗಿ ಕರೆಯಲು ಬೇಕಾದಷ್ಟನ್ನೇ ಬರೆದುಕೊಂಡ ಎಂದೆ. ಇದಕ್ಕಿಂತ ಮೃದುವಾಗಿ ಹೇಳಬೇಕಿತ್ತೆಂದು ನನ್ನ ಹೆಂಡತಿಯ ಅಭಿಪ್ರಾಯ, ನಾನು ಒಪ್ಪುವುದಿಲ್ಲ.

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಅದೇ ಮನೆತನದ ಮೂರನೆಯ ಫ್ರೆಡರಿಕ್ ಬ್ರಿಟಿಷ್ ದೊರೆಯ ಪಕ್ಷ ವಹಿಸಿದ್ದರಿಂದ 1779ರಲ್ಲಿ ಎಸ್ಟೇಟು ಮುಟ್ಟುಗೋಲಾಯಿತು, ಮುಂದೆ ಅನೇಕ ಗೇಣಿದಾರರು ತಾವು ಉತ್ತ ನೆಲವನ್ನೇ ಕೊಂಡು ಒಡೆಯರಾದರು. ನಮ್ಮಲ್ಲಿನ ಭೂಸುಧಾರಣೆಯ ನೆನಪಿರುವವರಿಗೆ ಇಲ್ಲಿ ಖುಷಿಯಾಗಬಹುದು. ಆದರೆ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ ಎಂಬುದನ್ನೂ ಮಕ್ಕಳಿಗೆ ಅದೇ ಉಸಿರಿನಲ್ಲಿ ಹೇಳಿ, ಏಕೆಂದರೆ ಗುಲಾಮಗಿರಿ ದಕ್ಷಿಣದ ರಾಜ್ಯಗಳಲ್ಲಿ ಮಾತ್ರ ಇತ್ತೆಂದು ನಾನೂ ಬಹುಕಾಲ ನಂಬಿದ್ದೆ.

ತೀರಾ ಚಿಕ್ಕವರಿದ್ದರೆ ಗಿರಣಿಯಿಂದ ಆರಂಭಿಸಿ. ನಾವು ಹೋದ ದಿನ ಬೀಸುವ ಕಲ್ಲಿನಿಂದ ಇಳಿದ ಹಿಟ್ಟು ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಇಲ್ಲಿ ನಿಂತು ಕೆಲಸ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಮಗಳು ಕೇಳಿದ್ದು ಅಲ್ಲಿಯೇ.